ಕಡಲಾಚೆಯ ಸ್ಟೇಷನ್ನುಗಳು

ರಾಮದುರ್ಗದ ನಮ್ಮ ಮನೆಯಲ್ಲಿ ದಾದಿಯ, ಅಂದರೆ ಅಬ್ಬಾನ ತಾಯಿಯ, ಕುರಾನ್ ಬಿಟ್ಟರೆ ಎಲ್ಲಕ್ಕಿಂತ ಎತ್ತರದ ಜಾಗ ಸಿಕ್ಕಿದ್ದು ಅಬ್ಬಾನ ರೇಡಿಯೋಕ್ಕೆ. ಮನೆಯೆಂದರೆ ಒಂದು ಪಡಸಾಲೆ, ಅದರ ಹಿಂದೆ ಹೊಗೆ ಹಿಡಿದ ಅಡುಗೆಮನೆ, ಪಕ್ಕಕ್ಕೆ ದಾದಿ ಮಲಗುವ ಕತ್ತಲೆ ಕೋಣೆ, ಮೇಲೆ ಮಣ್ಣಿನ ಮಾಳಿಗೆ. ಪಡಸಾಲೆಯ ದಪ್ಪ ಗೋಡೆಯಲ್ಲಿ ಎರಡು ಮಾಡಗಳಿದ್ದವು. ಮೇಲಿನದರಲ್ಲಿ ಹಸಿರು ಬಟ್ಟೆಯಲ್ಲಿ ಸುತ್ತಿದ ಕುರಾನ್, ಕೆಳಗಿನದರಲ್ಲಿ ಚರ್ಮದ ಅಂಗಿ ತೊಟ್ಟ ರೇಡಿಯೋ. ಕಿತ್ತೂರಿನ ಒಬ್ಬ ನಿವೃತ್ತ ಸೈನಿಕನಿಂದ ಅಬ್ಬಾ ಅದನ್ನು ನಾನು ಹುಟ್ಟುವ ಮುಂಚೆಯೇ ಕೊಂಡು ತಂದಿದ್ದನಂತೆ. ಅದರ ಬೆನ್ನಿನಿಂದ ಹೊರಟ ತಾಮ್ರದ ತಂತಿ ಬೆಳಕಿಂಡಿಯಿಂದ ಮಾಳಿಗೆ ಹತ್ತಿ, ಅಲ್ಲಿಂದ ನೆರೆಮನೆಯ ಬೇವಿನ ಮರದ ತನಕ ಹೋಗುತ್ತಿತ್ತು. ಆ ತಂತಿಯ ಮೇಲೆ ಬಟ್ಟೆ ಒಣಹಾಕಬಾರದು ಎನ್ನುವುದು ಮನೆಯ ಕಾನೂನು. ಅಬ್ಬಾ ಲಾರಿಯ ಮೇಲೆ ಊರು ಬಿಟ್ಟ ದಿನ ಅವ್ವ ಅದನ್ನು ತಪ್ಪದೆ ಮುರಿಯುತ್ತಿದ್ದಳು, ಅವನು ಬರುವ ದಿನ ಬಟ್ಟೆಗಳನ್ನು ಎಳೆದುಕೊಂಡು ಒಳಗೆ ಓಡುತ್ತಿದ್ದಳು.

ಅವ್ವನದು ನೇಸರಗಿ. ಅವಳ ತವರಿನಲ್ಲಿ ಮನೆಮಾತೂ ಕನ್ನಡವೇ ಆಗಿಹೋಗಿತ್ತು. ದಾದಿ ಉರ್ದು ಬಿಟ್ಟು ಬೇರೆ ಆಡಿದವಳಲ್ಲ. ಅಬ್ಬಾ ಅತ್ತೆ ಸೊಸೆಯರ ನಡುವೆ ಎರಡನ್ನೂ ಆಡುತ್ತಿದ್ದ. ಆದರೆ ರೇಡಿಯೋದ ಮಾತು ಬಂದರೆ ನನ್ನ ಜೊತೆ ಬರೀ ಕನ್ನಡ. ಅವನು ಸವದತ್ತಿಯ ಒಬ್ಬ ಸಾವುಕಾರರ ಲಾರಿ ಓಡಿಸುತ್ತಿದ್ದ. ವಾರದಲ್ಲಿ ಎರಡೋ ಮೂರೋ ದಿನ ಮನೆಯಲ್ಲಿದ್ದರೆ ಹೆಚ್ಚು. ಆ ದಿನಗಳಲ್ಲಿ ಸಂಜೆಯ ಮಗರಿಬ್ ನಮಾಜು ಮುಗಿಸಿ, ರೇಡಿಯೋವನ್ನು ಮಾಡದಿಂದ ಇಳಿಸಿ, ಕಂಬಳಿಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಧಾರವಾಡದ ಸ್ಟೇಷನ್ನು ಓಣಿಯ ಎಲ್ಲ ಮನೆಗಳಲ್ಲೂ ಬರುತ್ತದೆ, ಅದನ್ನು ಹಿಡಿಯುವುದರಲ್ಲಿ ಗಂಡಸುತನವೇನಿದೆ ಎಂದು ಅವನ ವಾದ. ಅವನಿಗೆ ಬೇಕಾದದ್ದು ದೂರದ್ದು. ಮಸ್ಕತ್, ತೆಹರಾನ್, ಸಿಲೋನ್, ಹೆಸರೇ ಗೊತ್ತಿಲ್ಲದ ಊರುಗಳು. ಶಾರ್ಟ್‌ವೇವಿನಲ್ಲಿ ಮುಳ್ಳನ್ನು ಕೂದಲೆಳೆಯಷ್ಟು ಸರಿಸುತ್ತ, ಗೊರಗೊರ ಶಬ್ದದ ಒಳಗಿನಿಂದ ಒಬ್ಬ ಮನುಷ್ಯನ ದನಿಯನ್ನು ಹೊರಗೆ ತೆಗೆದರೆ ಅವನ ಮುಖ ಅರಳುತ್ತಿತ್ತು. ಭಾಷೆ ತಿಳಿಯದಿದ್ದರೂ ಅದು ಯಾವ ದೇಶದ್ದೆಂದು ಹೇಳುತ್ತಿದ್ದ. ಪಾರ್ಸಿ ಮಾತು ಹೇಗೆ ಏಳುತ್ತದೆ, ಅರಬ್ಬಿ ಎಲ್ಲಿ ಗಂಟಲಿಗಿಳಿಯುತ್ತದೆ, ರಷ್ಯದವರು ಪದಗಳನ್ನು ಹೇಗೆ ಅಗಿಯುತ್ತಾರೆ ಎಂದು ಆಡಿ ತೋರಿಸುತ್ತಿದ್ದ. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಬಾಗಿಲಿಗೆ ಬಂದು ನಗುತ್ತ ನಿಲ್ಲುತ್ತಿದ್ದಳು. ಬಡಿಯುವ ಸದ್ದು ನಿಂತಿತೆಂದರೆ ಅವಳೂ ಕೇಳುತ್ತಿದ್ದಾಳೆಂದೇ ಅರ್ಥ.

ನಾನು ನಾಲ್ಕನೇ ಐದನೇ ಇಯತ್ತೆಗೆ ಬರುವ ಹೊತ್ತಿಗೆ ಈ ಸುಖದಲ್ಲಿ ಒಂದು ಜಗಳ ಸೇರಿಕೊಂಡಿತು. ಅಬ್ಬಾ ದನಿಯನ್ನು ಬರಬರುತ್ತ ಜೋರು ಮಾಡತೊಡಗಿದ್ದ. ಮೊದಲು ದಾದಿ ತಸ್ಬಿಯ ಮಣಿ ಎಣಿಸುವುದನ್ನು ನಿಲ್ಲಿಸಿ ಗೊಣಗಿದಳು. ಆಮೇಲೆ ನೆರೆಮನೆಯವರು ಗೋಡೆ ತಟ್ಟಿದರು. ಅವ್ವ ಎದ್ದು ಬಂದು ದನಿ ಇಳಿಸುವುದು, ಅವನು ಮತ್ತೆ ಏರಿಸುವುದು, ಅವಳು ತಟ್ಟೆಯನ್ನು ಅವನ ಮುಂದೆ ಸದ್ದಾಗುವಂತೆ ಇಡುವುದು ದಿನದ ಆಟವಾಯಿತು. ತನ್ನನ್ನು ಕೆಣಕಲೆಂದೇ ಹೀಗೆ ಮಾಡುತ್ತಾನೆಂದು ಅವ್ವ ನಂಬಿದ್ದಳು. ಕರೆದರೆ ಓ ಎನ್ನುವುದಿಲ್ಲ, ಉಪ್ಪು ಬೇಕೆ ಎಂದು ಕೇಳಿದರೆ ಮಳೆಯ ಸುದ್ದಿ ಹೇಳುತ್ತಾನೆ, ಲಾರಿ ಓಡಿಸಿ ಓಡಿಸಿ ಮನೆಯವರೆಂದರೆ ಲಕ್ಷ್ಯವಿಲ್ಲದಂತಾಗಿದೆ ಎಂದು ದಾದಿಯ ಮುಂದೆ ದೂರುತ್ತಿದ್ದಳು. ದೂರದ ಸ್ಟೇಷನ್ನುಗಳು ಕಡಿಮೆಯಾದವು. ಹವಾ ಸರಿ ಇಲ್ಲ ಎಂದು ಅಬ್ಬಾ ಮುಳ್ಳನ್ನು ದೊಡ್ಡ ದನಿಯ ಸ್ಟೇಷನ್ನುಗಳ ಮೇಲೆ ನಿಲ್ಲಿಸಿಬಿಡುತ್ತಿದ್ದ. ಹವಾ ಸರಿ ಇಲ್ಲವೆಂದು ನಾವೂ ಒಪ್ಪಿದೆವು.

ನಾನು ಆರನೇ ಇಯತ್ತೆಯ ಪರೀಕ್ಷೆ ಮುಗಿಸಿದ ಬೇಸಿಗೆಯಲ್ಲಿ ಕಾರವಾರಕ್ಕೆ ಹೋದೆವು. ಅಲ್ಲಿ ಅವ್ವನ ತಮ್ಮ, ನನ್ನ ಮಾಮಾ, ಐಸ್ ಫ್ಯಾಕ್ಟರಿಯಲ್ಲಿ ಮಿಸ್ತ್ರಿಯಾಗಿದ್ದ. ಸಮುದ್ರದ ದಂಡೆಗೆ ಮುಖ ಮಾಡಿದ ಹಂಚಿನ ಮನೆ. ಸಾವುಕಾರರ ಲಾರಿಯ ಹಿಂದಿನ ಹಲಗೆಗಳು ಸವೆದಿದ್ದವು. ಕಾರವಾರದಲ್ಲಿ ದೋಣಿ ಮಾಡುವ ಬಡಗಿಗಳು ಲಾರಿಯ ಹಲಗೆಗಳನ್ನೂ ಗಟ್ಟಿಯಾಗಿ ಕೂರಿಸಿಕೊಡುತ್ತಿದ್ದರು. ಹೋಗುವಾಗ ಉಳ್ಳಾಗಡ್ಡಿ ಹೇರಿಕೊಂಡು ಹೋಗಿ, ಇಳಿಸಿ, ಲಾರಿಯನ್ನು ಬಡಗಿಗಳಿಗೆ ಒಪ್ಪಿಸಿದರೆ ಕೆಲಸ ಮುಗಿಯುವವರೆಗೆ ಅಬ್ಬಾನಿಗೆ ಸೂಟಿ. ಅವನ ಸೂಟಿಯೆಂದರೆ ನಮ್ಮದೂ ಸೂಟಿ. ದಾದಿ ಮಾತ್ರ ಮೀನಿನ ವಾಸನೆ ಆಗದೆಂದು ರಾಮದುರ್ಗದಲ್ಲೇ ಉಳಿದಳು. ರೇಡಿಯೋವನ್ನು ಕೌದಿಯಲ್ಲಿ ಸುತ್ತಿ ಅವ್ವ ತನ್ನ ತೊಡೆಯ ಮೇಲಿಟ್ಟುಕೊಂಡಳು. ಮಗುವನ್ನಿಟ್ಟುಕೊಂಡಂತೆ ಇಟ್ಟುಕೊಂಡಿದ್ದೀಯಲ್ಲ ಎಂದು ನಾನು ಅಂದರೆ, ಮಗುವಾದರೆ ಇಷ್ಟು ಒದರುತ್ತಿರಲಿಲ್ಲ ಎಂದಳು.

ಲಾರಿಯ ಕ್ಲೀನರ್ ಬಸಪ್ಪ ಅಬ್ಬಾನಿಗಿಂತ ಹಿರಿಯ. ಎಂದೂ ಅಬ್ಬಾನ ಪಕ್ಕದಲ್ಲೇ ಕೂರುವವನು, ಆ ದಿನ ನಮಗೆ ಜಾಗ ಬಿಟ್ಟು ಉಳ್ಳಾಗಡ್ಡಿ ಚೀಲಗಳ ಮೇಲೆ ಹತ್ತಿ ಮಲಗಿದ್ದ. ಯಲ್ಲಾಪುರ ದಾಟಿ ಘಾಟು ಇಳಿಯುವಾಗ ಹಿಂದಿನಿಂದ ಒಂದು ಬಸ್ಸು ಹಾರ್ನ್ ಹಾಕತೊಡಗಿತು. ಅಬ್ಬಾ ದಾರಿ ಬಿಡಲಿಲ್ಲ. ಎರಡು ತಿರುವು ಕಳೆದರೂ ಬಸ್ಸು ಹಾರ್ನ್ ಹಾಕುತ್ತಲೇ ಇತ್ತು. ಮೇಲಿನಿಂದ ಬಸಪ್ಪ ಹಲಗೆ ಬಡಿದ. ಮೂರನೆಯ ತಿರುವಿನಲ್ಲಿ ಬಸ್ಸು ತಾಳ್ಮೆ ಕಳೆದುಕೊಂಡು ನಮ್ಮ ಪಕ್ಕದಲ್ಲೇ ನುಗ್ಗಿತು. ಅಬ್ಬಾ ಬೆಚ್ಚಿಬಿದ್ದು ಲಾರಿಯನ್ನು ಗುಡ್ಡದ ಕಡೆಗೆ ಎಳೆದ. ಬಸ್ಸಿನ ಕಿಟಕಿಯೊಳಗಿನ ಮುಖಗಳು ಅಬ್ಬಾನ ಕೈಗೆಟುಕುವಷ್ಟು ಹತ್ತಿರ ಹಾದುಹೋದವು. ಈ ಡ್ರೈವರುಗಳಿಗೆ ಸೊಕ್ಕು ಬಂದಿದೆ, ಒಂದು ಹಾರ್ನ್ ಸಹ ಹಾಕದೆ ಮುಂದೆ ಬರುತ್ತಾರೆ ಎಂದು ಅಬ್ಬಾ ಬೈದುಕೊಂಡ. ನಾನು ಅವ್ವನ ಮುಖ ನೋಡಿದೆ. ಅವಳು ಕಣ್ಣು ಮುಚ್ಚಿ ಕೌದಿಯ ಗಂಟನ್ನು ಅವುಚಿಕೊಂಡು ದುವಾ ಓದುತ್ತಿದ್ದಳು.

ಕಾರವಾರದಲ್ಲಿ ಮೊದಲ ಕೆಲಸವೇ ತಂತಿ ಕಟ್ಟುವುದು. ಜಗಲಿಯ ಕಂಬದಿಂದ ದಂಡೆಯ ಗಾಳಿಮರದವರೆಗೆ ಎಳೆದೆವು. ನೀರಿನ ಮೇಲಿಂದ ಬರುವ ದನಿಗೆ ಗುಡ್ಡ ಅಡ್ಡ ಬರುವುದಿಲ್ಲ, ಮನೆಗಳು ಅಡ್ಡ ಬರುವುದಿಲ್ಲ, ಇಲ್ಲಿ ಏನೇನು ಬರುತ್ತದೋ ನೋಡುತ್ತಿರು ಎಂದು ಅಬ್ಬಾ ಬೆಳಗಿನಿಂದ ಹೇಳುತ್ತಿದ್ದ. ಸೂರ್ಯ ನೀರಿಗಿಳಿಯುವ ಹೊತ್ತಿಗೆ ಎಲ್ಲರೂ ಜಗಲಿಗೆ ಬಂದೆವು. ಮಾಮಿ ಕರಿದ ಮೀನು ತಂದಿಟ್ಟಳು. ಆ ಸಂಜೆ ಅಬ್ಬಾ ಮೊದಲ ಸಲ ಗುಂಡಿಯನ್ನು ನನ್ನ ಕೈಗೆ ಕೊಟ್ಟ. ದೊಡ್ಡವಳಾದೆ, ಕಲಿ ಎಂದ. ಎದೆ ಉಬ್ಬಿತು. ನಾನು ಉಸಿರು ಬಿಗಿಹಿಡಿದು ತಿರುಗಿಸಿದೆ. ರಾಮದುರ್ಗದಲ್ಲಿ ಬರೀ ಗೊರಗೊರ ಇದ್ದ ಜಾಗದಲ್ಲೆಲ್ಲ ಇಲ್ಲಿ ಜನರಿದ್ದರು. ಹಾಡುವವರು, ಓದುವವರು, ಒಬ್ಬರ ಹಿಂದೆ ಒಬ್ಬರು. ಒಂದು ಕಡೆ ಬಹಳ ಸಣ್ಣಗೆ, ಅಲೆಯಂತೆ ಹತ್ತಿರ ಬಂದು ದೂರ ಸರಿಯುತ್ತ, ಒಂದು ದನಿ ಕೇಳಿತು. ನಾನು ಕೈ ನಿಲ್ಲಿಸಿದೆ.

"ಅಲ್ಲೇನೂ ಇಲ್ಲ, ಮುಂದ ತಿರುಗಿಸು," ಎಂದ ಅಬ್ಬಾ.

"ಐತಲ್ಲ ಅಬ್ಬಾ. ಮಾತಾಡಾಕತ್ತಾರ."

ಅವನು ಬಾಗಿ ಕಿವಿ ಹಚ್ಚಿದ. ಸ್ವಲ್ಪ ಹೊತ್ತಿನ ಮೇಲೆ ತಲೆಯಾಡಿಸಿ, ಹೌದು, ಗಂಡಸು ಯಾರೋ ಸುದ್ದಿ ಓದುತ್ತಿದ್ದಾನೆ, ಅರಬ್ಬಿ ಎಂದ. ಆದರೆ ಅದು ಹೆಣ್ಣಿನ ದನಿ. ಚಿಕ್ಕ ಹುಡುಗಿಯಂಥ ತೆಳುವಾದ ದನಿ. ಅವನಿಗೆ ತಿಳಿದಿದ್ದು ನನಗೆ ತಿಳಿಯದೇನೋ ಎಂದು ನಾನು ಸುಮ್ಮನಾದೆ. ಮರುದಿನ, ಅದರ ಮರುದಿನ ಹೀಗೇ ಆಯಿತು. ನಾನು ಹಿಡಿದದ್ದು ಅವನಿಗೆ ಸಿಗುತ್ತಿರಲಿಲ್ಲ. ಸಿಕ್ಕಿತೆಂದು ಅವನು ಹೇಳಿದ್ದು ಅಲ್ಲಿರುತ್ತಿರಲಿಲ್ಲ. ಕೊನೆಗೆ ಅವನು ಗುಂಡಿಯನ್ನು ನನ್ನಿಂದ ತೆಗೆದುಕೊಂಡು, ದೊಡ್ಡದಾಗಿ ಕೇಳುವ ಒಂದು ಹಾಡಿನ ಮೇಲೆ ನಿಲ್ಲಿಸಿ, ರೇಡಿಯೋವನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ಒಂದು ಕೈಯಿಂದ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ನಾವು ಚಹಾ ಕುಡಿಯುತ್ತ ಕೂತಿದ್ದೆವು. ಬಹಳ ದಿನ ಓಡಿದ ಸೆಲ್ಲುಗಳು. ಹಾಡು ಸೊರಗುತ್ತ ಸೊರಗುತ್ತ ಬಂದು, ಒಮ್ಮೆ ಕೀಂಯ್ ಎಂದು, ನಿಂತುಹೋಯಿತು.

ಅಬ್ಬಾನ ಕೈ ನಿಲ್ಲಲಿಲ್ಲ. ಅವನು ತಾಳ ಹಾಕುತ್ತಲೇ ಇದ್ದ. ಮುಖದಲ್ಲಿ ಹಾಡು ಕೇಳುವವರ ಸಮಾಧಾನವಿತ್ತು. ತಮಾಷೆ ಮಾಡುತ್ತಿದ್ದಾನೆಂದು ಮಾಮಾ ನಕ್ಕ. ಭಾವಾ, ಸೆಲ್ ಮುಗಿದಾವರಿ ಎಂದ. ಇನ್ನೊಮ್ಮೆ ಜೋರಾಗಿ ಹೇಳಲು ಹೋದಾಗ ಅವ್ವ ಕೈ ಎತ್ತಿ ತಡೆದಳು. ಅವಳ ಚಹಾದ ಬಟ್ಟಲು ನೆಲಕ್ಕೆ ಇಳಿಯಿತು. ಅಷ್ಟು ವರ್ಷಗಳ ಜಗಳವೆಲ್ಲ ಅವಳ ಮುಖದ ಮೇಲೆ ಬೇರೆಯದೇ ಏನೋ ಆಗುತ್ತಿರುವುದನ್ನು ನಾನು ನೋಡಿದೆ. ಅಬ್ಬಾನ ಕೈ ಇನ್ನೂ ತಾಳ ಹಾಕುತ್ತಿತ್ತು. ನನಗೆ ಅದನ್ನು ನೋಡುತ್ತ ಕೂರಲಾಗಲಿಲ್ಲ. ಎಲ್ಲರೂ ನೋಡುತ್ತಿರುವಾಗ ಅವನೊಬ್ಬನಿಗೇ ಗೊತ್ತಿಲ್ಲದಿರುವುದು ತಪ್ಪು ಎನ್ನಿಸಿತು. ಎದ್ದು ಹೋಗಿ ಅವನ ಕಿವಿಯ ಹತ್ತಿರ ಬಾಯಿ ಇಟ್ಟೆ.

"ಅಬ್ಬಾ, ಬಂದ್ ಆಗೇತಿ."

ಅವನು ಕಣ್ಣು ತೆರೆದ. ನನ್ನನ್ನು, ಆಮೇಲೆ ಮಾಮಾನನ್ನು, ಕೊನೆಗೆ ಅವ್ವನನ್ನು ನೋಡಿದ. ಗೊತ್ತೈತಿ ಎಂದ. ರೇಡಿಯೋವನ್ನು ಎತ್ತಿಕೊಂಡು ಒಳಗೆ ಹೋದ. ಆ ಸಂಜೆ ಊಟಕ್ಕೆ ಬರಲಿಲ್ಲ.

ಬೆಳಗ್ಗೆ ಅವ್ವ ಅವನನ್ನು ದಂಡೆಗೆ ಕರೆದುಕೊಂಡು ಹೋದಳು. ಮನೆಯಲ್ಲಿ ಜೋರಾಗಿ ಮಾತಾಡಿದರೆ ಮಾಮಿಗೆ ಕೇಳುತ್ತದೆ, ಜೋರಾಗಿ ಮಾತಾಡದಿದ್ದರೆ ಅಬ್ಬಾನಿಗೆ ಕೇಳುವುದಿಲ್ಲ. ಇಬ್ಬರ ನಡುವಿನ ಮಾತಿಗೆ ಸಮುದ್ರದ ದಂಡೆಯೇ ಬೇಕಾಯಿತು. ನಾನೂ ಹಿಂದೆ ಹೋದೆ, ಅವ್ವ ಬೇಡವೆನ್ನಲಿಲ್ಲ. ಯಾವಾಗಿನಿಂದ ಎಂದು ಅವಳು ಕೇಳಿದಳು. ಎಡಗಿವಿ ಹೋಗಿ ಬಹಳ ದಿನವಾಯಿತು, ಇಂಜಿನ್ನು ಅದರ ಪಕ್ಕದಲ್ಲೇ ಇರುತ್ತದಲ್ಲ, ಬಲಗಿವಿ ಈಚೆಗೆ ಎಂದು ಅವನು ಒಪ್ಪಿದ. ಹಿಂದಿನಿಂದ ಗಾಡಿ ಬಂದರೆ ಬಸಪ್ಪ ಮೊಣಕಾಲು ತಟ್ಟಿ ಹೇಳುತ್ತಾನಂತೆ. ಬಸಪ್ಪನಿಗೆ ಎಲ್ಲ ಗೊತ್ತು, ಯಾರಿಗೂ ಹೇಳಿಲ್ಲ. ಇಷ್ಟು ವರ್ಷ ಒಂದು ಕೋಳಿಮರಿಯ ಮೇಲೂ ಲಾರಿ ಹಾಯಿಸಿದವನಲ್ಲ ನಾನು ಎಂದ ಅಬ್ಬಾ. ಅದನ್ನು ಹೇಳುವಾಗ ಅವನ ದನಿಯಲ್ಲಿ ಹಳೆಯ ಗತ್ತು ಬಂದಿತ್ತು. ಆಮೇಲೆ ನನ್ನ ಕಡೆಗೆ ತಿರುಗಿದ.

"ನೀ ಹೇಳು. ಘಾಟಿನ್ಯಾಗ ಆ ಬಸ್ಸು ಹಾರ್ನ್ ಹಾಕಿತ್ತೇನು?"

ಅವನಿಗೆ ಬೇಕಾದ ಉತ್ತರ ಯಾವುದೆಂದು ನನಗೆ ಗೊತ್ತಿತ್ತು. ಅವ್ವ ಸಮುದ್ರ ನೋಡುತ್ತಿದ್ದಳು, ನನಗೆ ಸಹಾಯ ಮಾಡಲಿಲ್ಲ. ನಾನು ಅವನ ಕಣ್ಣಿಗೆ ನನ್ನ ತುಟಿ ಕಾಣುವಂತೆ ಎದುರಿಗೆ ನಿಂತು, ನಿಧಾನವಾಗಿ ಹೇಳಿದೆ.

"ಹಾಕಿತ್ತು ಅಬ್ಬಾ. ಭಾಳ ಹೊತ್ತಿನಿಂದ ಹಾಕಾಕತ್ತಿತ್ತು. ಬಸಪ್ಪ ಕಾಕಾನೂ ಬಡದಾ."

ಅವನು ಮರಳಿನಲ್ಲಿ ಕುಳಿತುಬಿಟ್ಟ. ಕೂತಲ್ಲೇ ಒಂದು ದಾರಿ ಹುಡುಕಿದ. ಊರಿಗೆ ಮರಳುವಾಗ ನಾನು ಅವನ ಪಕ್ಕದಲ್ಲಿ ಕೂರಬೇಕು, ಹಾರ್ನ್ ಕೇಳಿದರೆ ಅವನ ಮೊಣಕಾಲು ತಟ್ಟಬೇಕು, ನನ್ನ ಕಿವಿ ಬಸಪ್ಪನ ಕಿವಿಗಿಂತ ಚುರುಕು. ನನಗೆ ಆ ಕ್ಷಣ ಹೆಮ್ಮೆಯೇ ಆಯಿತು. ಆದರೆ ಅವ್ವ ತಿರುಗಿದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಅವನ ಮುಂದೆ ಎಂದೂ ಮಾತಾಡಿರಲಿಲ್ಲ. ಆದರೂ ಅವನು ಒಂದಕ್ಷರ ಬಿಡದೆ ತಿಳಿದುಕೊಂಡ, ಅವಳ ಮುಖವನ್ನೇ ನೋಡುತ್ತಿದ್ದ.

"ಆ ಕೂಸಿನ ಕಿವಿ ಮ್ಯಾಲೆ ಲಾರಿ ನಡಸ್ತೀರೇನ್ರಿ? ನಾಳೆ ಏನರ ಆದ್ರ, ಜೀವಂತ ಇರೂತನಕಾ ನಾನಽ ಸರಿಯಾಗಿ ಕೇಳಲಿಲ್ಲ ಅಂತಾಳ ಅಕಿ."

ಅಬ್ಬಾ ಎದ್ದು ದಂಡೆಗುಂಟ ನಡೆದುಹೋದ. ಬಲೆ ಎಳೆಯುವವರನ್ನು ದಾಟಿ, ಚಿಕ್ಕದಾಗಿ, ಕಾಣದಂತಾದ. ಅವ್ವ ಮನೆಗೆ ಬಂದು ಮಾಮಿಯ ಜೊತೆ ಮೀನು ಹೆಚ್ಚುತ್ತ ಕೂತಳು, ಕೈ ಎರಡು ಸಲ ಕೊಯ್ದುಕೊಂಡಳು. ಮಧ್ಯಾಹ್ನ ಅನ್ನ ಬಸಿಯುವ ಹೊತ್ತಿಗೆ ಅವನು ಬಂದ. ಮೊದಲು ಬಡಗಿಗಳ ಹತ್ತಿರವಿದ್ದ ಬಸಪ್ಪನನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಿಸಿದ. ಊಟ ಮುಗಿದ ಮೇಲೆ, ಸವದತ್ತಿಗೆ ಬಸ್ಸು ಹಿಡಿದು ಹೋಗಿ ಸಾವುಕಾರರಿಗೆ ಬೇರೆ ಡ್ರೈವರನ್ನು ಕಳಿಸಲು ಹೇಳು, ಯಾಕೆಂದು ಕೇಳಿದರೆ ನಾನೇ ಬಂದು ಹೇಳುತ್ತೇನೆ ಅನ್ನು ಎಂದ. ಬಸಪ್ಪ ತಟ್ಟೆಯಲ್ಲೇ ಕೈ ತೊಳೆದು, ಟವೆಲಿನಿಂದ ಮುಖ ಒರೆಸಿಕೊಂಡು ಎದ್ದು ಹೋದ.

ಆ ಸಂಜೆ ಮಾಮಾ ಹೊಸ ಸೆಲ್ಲು ತಂದ. ಯಾರೂ ರೇಡಿಯೋ ಮುಟ್ಟುವ ಧೈರ್ಯ ಮಾಡಲಿಲ್ಲ. ಅವ್ವನೇ ಅದನ್ನು ಒಳಗಿನಿಂದ ತಂದು ನನ್ನ ಮುಂದಿಟ್ಟು, ಹಚ್ಚು ಎಂದಳು. ಅಬ್ಬಾ ಸಮುದ್ರದ ಕಡೆ ಮುಖ ಮಾಡಿ ಕೂತಿದ್ದ. ನಾನು ಮೊದಲ ಸಂಜೆಯ ಆ ತೆಳುವಾದ ದನಿ ಇದ್ದ ಜಾಗಕ್ಕೆ ಮುಳ್ಳನ್ನು ತಂದೆ. ಅದು ಇತ್ತು. ಏನು ಮಾಡಬೇಕೆಂದು ತಿಳಿಯದೆ, ಕೇಳಿದ್ದನ್ನು ಕೇಳಿದ ಹಾಗೆಯೇ ಅವನ ಮುಂದೆ ಗಟ್ಟಿಯಾಗಿ ಆಡತೊಡಗಿದೆ. ಅರ್ಥ ಗೊತ್ತಿಲ್ಲದ ಮಾತು, ಬರೀ ಏರಿಳಿತ, ಬರೀ ಸದ್ದು. ಮೊದಲು ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ. ನಾನು ನಿಲ್ಲಿಸಲಿಲ್ಲ. ಒಂದು ಪದ ಮತ್ತೆ ಮತ್ತೆ ಬರುತ್ತಿತ್ತು, ಹಬಾರಿ, ಹಬಾರಿ. ಅದು ನಮ್ಮ ಖಬರ್ ಇದ್ದ ಹಾಗಿದೆಯಲ್ಲ ಎಂದಳು ಅವ್ವ. ಅಬ್ಬಾ ನಮ್ಮ ಕಡೆ ತಿರುಗಿದ. ಇನ್ನೊಮ್ಮೆ ಅನ್ನು ಎಂದ. ಅಂದೆ. ಅರಬ್ಬಿ ಅಲ್ಲ, ಅರಬ್ಬಿಯವರು ಹೀಗೆ ಪ್ರತಿ ಪದದ ಬಾಲವನ್ನು ಬಿಚ್ಚಿ ಬಿಡುವುದಿಲ್ಲ, ಇದು ಆಫ್ರಿಕಾದ ದಂಡೆಯದು, ಊರಿನ ಹೆಸರು ಹೇಳುತ್ತಾರೆ, ಬಿಡಬೇಡ ಎಂದು ಹತ್ತಿರ ಸರಿದು ಕೂತ. ದನಿ ಅಲೆಯ ಹಾಗೆ ಹೋಗಿ ಬಂದು ಮಾಡುತ್ತಿತ್ತು. ಮಾಮಿ ಒಲೆಯ ಮುಂದಿನ ಪಾತ್ರೆ ಸದ್ದನ್ನೂ ನಿಲ್ಲಿಸಿದಳು. ಒಂದು ವಾದ್ಯ ನುಡಿಯಿತು, ಅದು ನಿಂತಿತು, ಆ ಹೆಣ್ಣುಮಗಳು ಏನೋ ಹೇಳಿದಳು.

"ಏನೋ ಸಲಾಂ ಅಂದ್ಳು ಅಬ್ಬಾ. ದಾರ್... ದಾರ್ ಎಸ್ ಸಲಾಂ."

ಅಬ್ಬಾ ನನ್ನ ಎರಡೂ ಭುಜ ಹಿಡಿದುಕೊಂಡ. ಇಷ್ಟು ವರ್ಷ ಹುಡುಕಿದ್ದನಂತೆ ಆ ಊರನ್ನು, ಒಮ್ಮೆಯೂ ಸಿಕ್ಕಿರಲಿಲ್ಲ. ಈ ನೀರಿನ ಆಚೆ ದಡದಲ್ಲಿ ಒಬ್ಬ ಹೆಣ್ಣುಮಗಳು ಕೂತು ಮಾತಾಡುತ್ತಿದ್ದಾಳೆ, ಅದನ್ನು ಕಾರವಾರದ ಜಗಲಿಯಲ್ಲಿ ಕೂತು ನನ್ನ ಮಗಳು ಹಿಡಿದಳು ಎಂದು ಮಾಮಾನಿಗೆ, ಮಾಮಿಗೆ, ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಮೀನುಗಾರನಿಗೂ ಹೇಳಿದ. ಅಂದಿನಿಂದ ಸೂಟಿ ಮುಗಿಯುವ ತನಕ ಅದೇ ನಮ್ಮ ಆಟ. ನಾನು ಕಿವಿ, ಅವನು ತಲೆ. ಒಂದೇ ಒಂದು ನಿಯಮ ಹಾಕಿದ್ದ. ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನಬೇಕು, ಒಂದು ಅಕ್ಷರವನ್ನೂ ನನ್ನ ಕಡೆಯಿಂದ ಸೇರಿಸಬಾರದು. ಮುಂದೆ ನಾನು ಬೈಲಹೊಂಗಲದ ಕೋರ್ಟಿನಲ್ಲಿ ಸಾಕ್ಷಿಗಳ ಮಾತನ್ನು ಬೆರಳಚ್ಚು ಮಾಡುವ ಕೆಲಸಕ್ಕೆ ಸೇರಿ, ಅದರಲ್ಲೇ ನಿವೃತ್ತಳಾದೆ. ದೊಡ್ಡ ದೊಡ್ಡ ವಕೀಲರು ಸಾಕ್ಷಿ ಹೇಳಿದ್ದು ಹೀಗಲ್ಲ ಎಂದು ದಬಾಯಿಸಿದಾಗಲೂ ನಾನು ಬೆರಳು ಸಡಿಲಿಸಿದವಳಲ್ಲ. ಅವನು ಹೇಳಿದ್ದು ಹಾಗೆಯೇ. ನಾನು ಕೇಳಿದ್ದೇನೆ. ಈಗ ಮನೆಯಲ್ಲಿ ಕೂತು ಫೋನು ಒತ್ತಿದರೆ ಆಫ್ರಿಕಾದ ಯಾವ ಊರಿನ ಹಾಡಾದರೂ ಪಕ್ಕದ ಕೋಣೆಯಲ್ಲಿ ಹಾಡಿದಂತೆ ಬರುತ್ತದೆ. ಕೇಳುತ್ತೇನೆ, ಚೆನ್ನಾಗಿರುತ್ತದೆ. ಆದರೆ ಯಾರ ಭುಜವನ್ನೂ ಹಿಡಿದುಕೊಳ್ಳಬೇಕು ಎನ್ನಿಸುವುದಿಲ್ಲ.

ಊರಿಗೆ ನಾವು ಬಸ್ಸಿನಲ್ಲಿ ಮರಳಿದೆವು. ಮರುದಿನವೇ ಅಬ್ಬಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸವದತ್ತಿಗೆ ಹೋಗಿ ಸಾವುಕಾರರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವರು ಮೊದಲು ಸಿಟ್ಟಾದರಂತೆ, ಇಷ್ಟು ದಿನ ಮುಚ್ಚಿಟ್ಟೆಯಲ್ಲ ಎಂದು. ಆಮೇಲೆ, ಬೇರೆಯವರ ಬಾಯಿಂದ ಕೇಳಿದ್ದರೆ ಅಂಗಳಕ್ಕೇ ಬಿಟ್ಟುಕೊಳ್ಳುತ್ತಿರಲಿಲ್ಲ ಎಂದು, ತಮ್ಮ ಲಾರಿಗಳ ಟೈರು ನೋಡಿಕೊಳ್ಳುವ ಕೆಲಸ ಕೊಟ್ಟರು. ಸ್ಟೇರಿಂಗ್ ಹಿಡಿದ ಕೈಗೆ ನಟ್ಟು ಬಿಚ್ಚುವ ಪಾನಾ ಹಿಡಿಯುವುದು ಸುಲಭವಾಗಲಿಲ್ಲ. ಒಂದು ಮಳೆಗಾಲವಿಡೀ ಅವನು ಮನೆಯಲ್ಲಿ ಸೆಟೆದುಕೊಂಡೇ ಇದ್ದ. ಯಾರಾದರೂ ಡ್ರೈವರ್ ಸಾಹೇಬರು ಎಂದು ಕರೆದರೆ ಕೇಳಿಸಿದರೂ ಕೇಳಿಸದಂತೆ ಹೋಗುತ್ತಿದ್ದ. ಆದರೆ ಅವ್ವ ಬದಲಾಗಿದ್ದಳು. ಅವನನ್ನು ಕರೆಯಬೇಕಾದರೆ ಎದ್ದು ಬಂದು ಎದುರಿಗೆ ನಿಲ್ಲುತ್ತಿದ್ದಳು. ಊಟದ ಹೊತ್ತಿಗೆ ಕಂದೀಲನ್ನು ತನ್ನ ಮುಖದ ಮೇಲೆ ಬೆಳಕು ಬೀಳುವಂತೆ ಸರಿಸಿಟ್ಟುಕೊಳ್ಳುತ್ತಿದ್ದಳು. ದಾದಿಗೂ ಅದನ್ನೇ ಕಲಿಸಿದಳು. ತಟ್ಟೆ ಸದ್ದಾಗುವಂತೆ ಇಡುವುದು ನಮ್ಮ ಮನೆಯಲ್ಲಿ ನಿಂತೇಹೋಯಿತು.

ಕಿವಿಗೆ ಹಾಕುವ ಯಂತ್ರ ಬಂದದ್ದು ಬಹಳ ವರ್ಷಗಳ ಮೇಲೆ, ನಾನು ನೌಕರಿಗೆ ಸೇರಿ, ದನಿಯೂ ಬಲಿತ ನಂತರ. ಅಷ್ಟರಲ್ಲಿ ಅವನಿಗೆ ನಮ್ಮ ತುಟಿಗಳನ್ನು ಓದುವುದು ರೂಢಿಯಾಗಿತ್ತು, ಬೇಡವೆಂದು ಹಟ ಹಿಡಿದ. ಅವ್ವ ರಾಮದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಮ್ಮಿಬ್ಬರನ್ನೂ ಬಸ್ಸು ಹತ್ತಿಸಿ, ಹಾಕಿಸಿಕೊಂಡೇ ಬರಬೇಕು ಎಂದು ಅವನ ಮುಖ ನೋಡಿ ಹೇಳಿ ಕಳಿಸಿದಳು. ಹುಬ್ಬಳ್ಳಿಯ ದವಾಖಾನೆಯಲ್ಲಿ ಒಬ್ಬ ಹುಡುಗಿ ಡಾಕ್ಟರು ಅದನ್ನು ಅವನ ಬಲಗಿವಿಗೆ ಕೂರಿಸಿ, ಏನನ್ನೋ ತಿರುಗಿಸಿ, ಅವನ ಬೆನ್ನ ಹಿಂದೆ ನಿಂತು ಏನಾದರೂ ಮಾತಾಡಿ ಎಂದು ನನಗೆ ಸನ್ನೆ ಮಾಡಿದಳು. ಅಂಥ ಹೊತ್ತಿನಲ್ಲಿ ಏನು ಹೇಳಬೇಕು ಯಾರಿಗೆ ಹೊಳೆಯುತ್ತದೆ. ಬಾಯಿಗೆ ಬಂದದ್ದನ್ನೇ ಅಂದೆ, ಹೊರಗೆ ಹೋಗಿ ಚಹಾ ಕುಡಿಯೋಣೇನು ಎಂದು. ಅಬ್ಬಾ ಕುರ್ಚಿಯಲ್ಲಿ ನೆಟ್ಟಗಾದ. ಗಡಬಡಿಸಿ ಹಿಂದೆ ತಿರುಗಿ, ನನ್ನನ್ನು ದಾಟಿ, ಬಾಗಿಲಿನ ಕಡೆ ನೋಡಿದ.

"ನಿಮ್ಮವ್ವ ಯಾವಾಗ ಬಂದ್ಳು?" ಎಂದ.